ಸ್ವನಿಧಿ ಸಾಲದ ಕಂತು ತಪ್ಪಿದೆ, ಅವ್ವನ ವಿಧವಾ ವೇತನವನ್ನೇ ಬ್ಯಾಂಕು ಹಿಡಿದುಕೊಂಡಿದೆ: ಏನು ಮಾಡಬೇಕು?

ರೊಟ್ಟಿ ಮನೆಯ ಮಗಳು, ವಿಜಯಪುರ
24 ಜನವರಿ 2026

ಎಲ್ಲರಿಗೂ ನಮಸ್ಕಾರ. ನಾನು ವಿಜಯಪುರದಲ್ಲಿ ಬಿ.ಕಾಂ. ಕೊನೆಯ ವರ್ಷದಲ್ಲಿ ಓದುತ್ತಿದ್ದೇನೆ. ನಮ್ಮ ಅವ್ವನ ಸಾಲದ ವಿಷಯವಾಗಿ ಇಲ್ಲಿ ಬರೆಯುತ್ತಿದ್ದೇನೆ. ಅವ್ವನಿಗೆ ಕನ್ನಡ ಓದಲು ಚೆನ್ನಾಗಿ ಬರುತ್ತದೆ, ಆದರೆ ಬ್ಯಾಂಕಿನಿಂದ ಬರುವ ಸಂದೇಶಗಳು ಇಂಗ್ಲಿಷಿನಲ್ಲಿರುತ್ತವೆ; ಅರ್ಥವಾಗದ ಕಾರಣಕ್ಕೇ ಅವಳು ಇನ್ನಷ್ಟು ಹೆದರುತ್ತಾಳೆ. ಎರಡು ವಾರಗಳಿಂದ ಮೊಬೈಲನ್ನು ಜೋಳದ ಹಿಟ್ಟಿನ ಡಬ್ಬಿಯ ಹಿಂದೆ ಇಟ್ಟಿದ್ದಾಳೆ. ಅದು ಸದ್ದು ಮಾಡಿದಾಗಲೆಲ್ಲ ರೊಟ್ಟಿ ಬಡಿಯುತ್ತಿರುವ ಕೈ ನಿಲ್ಲುತ್ತದೆ, ಹಂಚಿನ ಮೇಲಿರುವ ರೊಟ್ಟಿಗೆ ನೀರು ಸವರುವುದು ತಡವಾಗಿ ಅದು ಸೀದುಹೋಗುತ್ತದೆ.

ನಮ್ಮದು ಕಡಕ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ ಮಾರುವ ತಳ್ಳುಗಾಡಿ. ರೊಟ್ಟಿ ಮಾಡುವುದು ಅವ್ವನ ಕೆಲಸ, ಗಾಡಿ ತಳ್ಳಿಕೊಂಡು ಹೋಗಿ ಮಾರುವುದು ಅಪ್ಪನ ಕೆಲಸವಾಗಿತ್ತು. ಬೀದಿ ವ್ಯಾಪಾರಿಯ ಗುರುತಿನ ಚೀಟಿ ಅವ್ವನ ಹೆಸರಿನಲ್ಲಿದೆ. ಆದ್ದರಿಂದ ಬೀದಿ ವ್ಯಾಪಾರಿಗಳಿಗೆ ಕೊಡುವ ಪಿ.ಎಂ. ಸ್ವನಿಧಿ ಸಾಲವನ್ನೂ ಅವಳ ಹೆಸರಿನಲ್ಲಿಯೇ ತೆಗೆದುಕೊಂಡೆವು. ಮೊದಲು 10,000, ಆಮೇಲೆ 20,000 ರೂಪಾಯಿ ತೆಗೆದುಕೊಂಡು ಒಂದು ದಿನವೂ ತಪ್ಪದಂತೆ ತೀರಿಸಿದ್ದೆವು. ಮೂರನೆಯದಾಗಿ 50,000 ರೂಪಾಯಿ 2024ರ ಆಗಸ್ಟ್‌ನಲ್ಲಿ ಸಿಕ್ಕಿತು. ಅವಧಿ 36 ತಿಂಗಳು, ಪ್ರತಿ ತಿಂಗಳ 5ನೆಯ ತಾರೀಖಿಗೆ ಸುಮಾರು 1,650 ರೂಪಾಯಿ ಕಂತು.

ಕಳೆದ ಆಗಸ್ಟ್‌ನಲ್ಲಿ ಅಪ್ಪ ಹೃದಯಾಘಾತದಿಂದ ತೀರಿಕೊಂಡರು. ಅವರಿಗೆ 48 ವರ್ಷ. ಅದಾದ ಮೇಲೂ ಅವ್ವ ಕೈಯಲ್ಲಿದ್ದುದನ್ನು ಹೊಂದಿಸಿ ನವೆಂಬರ್‌ವರೆಗೆ, ಅಂದರೆ ಒಟ್ಟು 15 ಕಂತು ಕಟ್ಟಿದಳು. ಡಿಸೆಂಬರ್ ಮತ್ತು ಜನವರಿಯ ಕಂತುಗಳು ತಪ್ಪಿವೆ. ಗಾಡಿ ಮನೆಯ ಮುಂದೆ ನಿಂತಿದೆ. ಸಂಕ್ರಮಣಕ್ಕೆ ನಡೆಯುವ ಸಿದ್ಧೇಶ್ವರ ಜಾತ್ರೆಯೇ ನಮಗೆ ವರ್ಷದ ದೊಡ್ಡ ವ್ಯಾಪಾರ. ಈ ಸಲ ಅದಕ್ಕೂ ಗಾಡಿ ಹೊರಡಲಿಲ್ಲ. ಈಗ ಅವ್ವ ಒಂದು ಖಾನಾವಳಿಗೆ ರೊಟ್ಟಿ ಮಾಡಿಕೊಡುತ್ತಾಳೆ. ಹಿಟ್ಟು, ಗ್ಯಾಸು ಕಳೆದು ತಿಂಗಳಿಗೆ 4,500 ರೂಪಾಯಿ ಉಳಿದರೆ ಹೆಚ್ಚು. ಅದರಲ್ಲಿ ಮನೆ ಬಾಡಿಗೆಯೇ 2,500. ತಮ್ಮ ದ್ವಿತೀಯ ಪಿ.ಯು.ಸಿ.ಯಲ್ಲಿದ್ದಾನೆ.

ನಮ್ಮ ಕಡೆ ವಿಧವಾ ಪಗಾರ ಎಂದು ಕರೆಯುವ 800 ರೂಪಾಯಿ ಅವ್ವನಿಗೆ ಡಿಸೆಂಬರ್‌ನಿಂದ ಬರತೊಡಗಿದೆ. ಅದು ಬರುವುದು ಸಾಲ ಕೊಟ್ಟ ಬ್ಯಾಂಕಿನ ಉಳಿತಾಯ ಖಾತೆಗೇ. ಡಿಸೆಂಬರ್ 19ಕ್ಕೆ ಜಮಾ ಆದ 800 ರೂಪಾಯಿಯೂ ಅದೇ ದಿನ ಕಂತಿಗೆ ಹೋಯಿತು. ಜನವರಿ 20ಕ್ಕೆ ಬಂದ 800ರಲ್ಲಿ ಕಂತು ವಾಪಸಾದ ಶುಲ್ಕವೆಂದು 236 ರೂಪಾಯಿ ಕಡಿದು, ಉಳಿದ 564 ರೂಪಾಯಿಯನ್ನು ಸಾಲಕ್ಕೆ ಹಾಕಿಕೊಂಡಿದ್ದಾರೆ. ಗೃಹಲಕ್ಷ್ಮಿಯ 2,000 ರೂಪಾಯಿ ಎರಡು ತಿಂಗಳಿಂದ ಬಂದಿಲ್ಲ; ಬಂದರೆ ಅದೂ ಹೀಗೆಯೇ ಹೋಗುತ್ತದೆಯೇನೋ ಎಂಬ ಆತಂಕವಿದೆ. ವಸೂಲಿಗೆ ಬಂದಿದ್ದ ಒಬ್ಬರು, ಕಂತು ಕಟ್ಟದಿದ್ದರೆ ಗಾಡಿಯನ್ನೂ ಒಲೆಯನ್ನೂ ಎತ್ತಿಕೊಂಡು ಹೋಗುತ್ತೇವೆಂದು ಓಣಿಯ ಜನರೆಲ್ಲ ಕೇಳುವಂತೆ ಹೇಳಿ ಹೋದರು. ಆ ಗಾಡಿಯನ್ನು ಅಪ್ಪ ಎಂಟು ವರ್ಷಗಳ ಹಿಂದೆ ಸ್ವಂತ ದುಡಿಮೆಯಿಂದ ಮಾಡಿಸಿದ್ದರು.

ಸಾಲ ತೀರಿಸುವುದಿಲ್ಲವೆಂದು ಅವ್ವ ಎಂದೂ ಹೇಳಿಲ್ಲ. ತಿಂಗಳಿಗೆ 900 ರೂಪಾಯಿವರೆಗೆ ಕಟ್ಟಬಲ್ಲೆ ಎನ್ನುತ್ತಾಳೆ. ಪಗಾರದ ಹಣವನ್ನು ಬ್ಯಾಂಕಿನವರು ಹೀಗೆ ತೆಗೆದುಕೊಳ್ಳಬಹುದೇ? ಕಂತನ್ನು ಕಡಿಮೆ ಮಾಡಿಸಿಕೊಳ್ಳಲು ಯಾರ ಬಳಿ, ಏನೆಂದು ಕೇಳಬೇಕು? ತಿಳಿದವರು ದಯವಿಟ್ಟು ಹೇಳಿ.

ನಿವೃತ್ತ ಬ್ಯಾಂಕ್ ಅಧಿಕಾರಿ, ಬಾಗಲಕೋಟೆ
24 ಜನವರಿ 2026

ತಂಗಿ, ನಿಮ್ಮ ತಂದೆಯವರ ಸುದ್ದಿ ಓದಿ ಬೇಸರವಾಯಿತು. ನೀವು ದಿನಾಂಕ ಮತ್ತು ಮೊತ್ತಗಳನ್ನು ಸರಿಯಾಗಿ ಬರೆದಿರುವುದರಿಂದ ಉತ್ತರವನ್ನೂ ನಿಖರವಾಗಿ ಕೊಡಲು ಸಾಧ್ಯವಾಗುತ್ತಿದೆ. ಮೂವತ್ತು ವರ್ಷ ಗ್ರಾಮೀಣ ಮತ್ತು ಪಟ್ಟಣದ ಶಾಖೆಗಳಲ್ಲಿ ಕೆಲಸ ಮಾಡಿದವನಾಗಿ ಹೇಳುತ್ತೇನೆ, ನಿಮ್ಮ ಅವ್ವನ ಖಾತೆ ಇನ್ನೂ ಕೈ ತಪ್ಪಿಲ್ಲ. ಆದರೆ ಮಾರ್ಚ್ ಬರುವುದರೊಳಗೆ ನೀವು ಬ್ಯಾಂಕಿಗೆ ಹೋಗಲೇಬೇಕು.

ಮೊದಲು ಒಂದು ವಿಷಯ ಸ್ಪಷ್ಟವಾಗಲಿ. ಜನ ಇದನ್ನು ಸರ್ಕಾರಿ ಸಾಲ ಎನ್ನುತ್ತಾರೆ, ಆದರೆ ಹಣ ಬ್ಯಾಂಕಿನದು. 2020ರ ಜೂನ್ 1ರಂದು ಆರಂಭವಾದ ಈ ಯೋಜನೆಯಲ್ಲಿ ಕೇಂದ್ರ ಸರ್ಕಾರ ಶೇಕಡಾ 7ರಷ್ಟು ಬಡ್ಡಿ ಸಹಾಯಧನವನ್ನು ಮೂರು ತಿಂಗಳಿಗೊಮ್ಮೆ ಸಾಲಗಾರರ ಖಾತೆಗೆ ಕೊಡುತ್ತದೆ ಮತ್ತು ಬ್ಯಾಂಕಿಗೆ ಖಾತರಿ ನೀಡುತ್ತದೆ. ಸಹಾಯಧನ ಸಿಗುವುದು ಖಾತೆ ನಿಯಮಿತವಾಗಿರುವ ತಿಂಗಳುಗಳಿಗೆ ಮಾತ್ರ. ಕಂತಿನ ಬಾಕಿ 90 ದಿನ ದಾಟಿದರೆ ಖಾತೆ ಎನ್.ಪಿ.ಎ., ಅಂದರೆ ವಸೂಲಾಗದ ಸಾಲದ ಪಟ್ಟಿಗೆ ಸೇರುತ್ತದೆ. ಸಹಾಯಧನ ನಿಲ್ಲುತ್ತದೆ, ಸಿಬಿಲ್ ದಾಖಲೆಯಲ್ಲಿಯೂ, ಅಂದರೆ ಹೊಸ ಸಾಲ ಕೊಡುವ ಮೊದಲು ಬ್ಯಾಂಕುಗಳು ನೋಡುವ ಸಾಲದ ಇತಿಹಾಸದಲ್ಲಿಯೂ, ಅದು ಉಳಿಯುತ್ತದೆ. ಒಮ್ಮೆ ಆ ಪಟ್ಟಿಗೆ ಸೇರಿದ ಮೇಲೆ ಹೊರಬರಬೇಕಾದರೆ ಅಸಲು ಮತ್ತು ಬಡ್ಡಿಯ ಹಳೆಯ ಬಾಕಿಯನ್ನೆಲ್ಲ ಪೂರ್ತಿಯಾಗಿ ಕಟ್ಟಬೇಕು, ಅರ್ಧ ಕಟ್ಟಿದರೆ ಸಾಲದು.

ಈಗ ನಿಮ್ಮ ಲೆಕ್ಕ ನೋಡಿ. 90 ದಿನಗಳ ಎಣಿಕೆ ಶುರುವಾಗುವುದು ಅತ್ಯಂತ ಹಳೆಯ ಬಾಕಿ ಕಂತಿನಿಂದ. ನಿಮ್ಮದು ಡಿಸೆಂಬರ್ 5ರದು. ಹಾಗಾಗಿ ಮಾರ್ಚ್ 5ಕ್ಕೆ 90 ದಿನ ತುಂಬುತ್ತವೆ. ಬ್ಯಾಂಕು ಈಗಾಗಲೇ ತೆಗೆದುಕೊಂಡಿರುವ 800 ಮತ್ತು 564 ಸೇರಿ 1,364 ರೂಪಾಯಿ ಆ ಡಿಸೆಂಬರ್ ಕಂತಿಗೇ ಸಂದಿದೆ. ಅಂದರೆ ಆ ಕಂತಿನಲ್ಲಿ ಉಳಿದಿರುವುದು 286 ರೂಪಾಯಿ ಮಾತ್ರ! ಅಷ್ಟನ್ನು ಕಟ್ಟಿದ ದಿನ ಅತ್ಯಂತ ಹಳೆಯ ಬಾಕಿ ಜನವರಿ 5ರದಾಗುತ್ತದೆ, ಗಡುವು ಏಪ್ರಿಲ್ 5ಕ್ಕೆ ಹೋಗುತ್ತದೆ. 286 ರೂಪಾಯಿಗೆ ಒಂದು ತಿಂಗಳ ಕಾಲಾವಕಾಶ ಸಿಕ್ಕಂತಾಯಿತು. ಎರಡು ಕಂತು ಪೂರ್ತಿ ಹೊಂದಿಸಿಕೊಂಡೇ ಬ್ಯಾಂಕಿಗೆ ಹೋಗಬೇಕೆಂದು ಕಾಯುತ್ತಾ ಕುಳಿತು ಖಾತೆ ಕೆಡಿಸಿಕೊಂಡ ಎಷ್ಟೋ ಪ್ರಾಮಾಣಿಕ ಕುಟುಂಬಗಳನ್ನು ನಾನು ನೋಡಿದ್ದೇನೆ. ನಿಮ್ಮ ಅವ್ವ ಹಾಗೆ ಕಾಯಬಾರದು.

ಆ ಹಣವನ್ನು ಉಳಿತಾಯ ಖಾತೆಗೆ ಹಾಕಬೇಡಿ, ಅಲ್ಲಿ ಮೊದಲು ಶುಲ್ಕಕ್ಕೆ ಹೋಗುತ್ತದೆ. ಕೌಂಟರಿನಲ್ಲಿ ಚಲನ್ ಬರೆದು, ಸಾಲದ ಖಾತೆಯ ಸಂಖ್ಯೆಯನ್ನೇ ನಮೂದಿಸಿ ಕಟ್ಟಿ, ರಸೀದಿ ಇಟ್ಟುಕೊಳ್ಳಿ. ಸಾಲದ ಖಾತೆಯ ಸ್ಟೇಟ್‌ಮೆಂಟನ್ನೂ ಅದೇ ದಿನ ಕೇಳಿ ಪಡೆಯಿರಿ. ನನ್ನ ಲೆಕ್ಕ ನೀವು ಕೊಟ್ಟ ಅಂಕಿಗಳ ಮೇಲೆ ನಿಂತಿದೆ, ಬ್ಯಾಂಕಿನ ಪುಸ್ತಕದಲ್ಲಿ ಹತ್ತಿಪ್ಪತ್ತು ರೂಪಾಯಿ ಹೆಚ್ಚುಕಡಿಮೆ ಇರಬಹುದು.

ಕಂತು ಇಳಿಸುವ ವಿಚಾರ. ಬಡ್ಡಿ ಶೇಕಡಾ 11.5ರ ಆಸುಪಾಸಿನಲ್ಲಿದೆ ಎಂದುಕೊಂಡರೆ, 15 ಕಂತು ಕಟ್ಟಿದ ಮೇಲೆ ಅಸಲು ಸುಮಾರು 31,200 ರೂಪಾಯಿ ಉಳಿದಿರಬೇಕು. ಮಿಕ್ಕ 21 ಕಂತುಗಳನ್ನು 42 ಮಾಡಿದರೆ ತಿಂಗಳಿಗೆ ಸುಮಾರು 910 ರೂಪಾಯಿ ಬರುತ್ತದೆ. ನಿಮ್ಮ ಅವ್ವ ಹೇಳಿದ 900ಕ್ಕೆ ಇದು ಎಷ್ಟು ಹತ್ತಿರವಿದೆ ನೋಡಿ. ಅವರಿಗೆ ತಮ್ಮ ಶಕ್ತಿಯ ಅಂದಾಜು ಸರಿಯಾಗಿಯೇ ಇದೆ. ಅವಧಿ ಬೆಳೆದದ್ದಕ್ಕೆ ಒಟ್ಟಾರೆ ಮೂರೂವರೆ ಸಾವಿರ ರೂಪಾಯಿಯಷ್ಟು ಹೆಚ್ಚು ಬಡ್ಡಿ ಬೀಳುತ್ತದೆ, ಮತ್ತು ಬೆಳೆದ ಅವಧಿಗೂ ಸಹಾಯಧನ ಬರುತ್ತದೆಂದು ಲೆಕ್ಕ ಹಾಕಬೇಡಿ.

ಇದನ್ನು ಮಾಡಿಕೊಡುವುದು ಬ್ಯಾಂಕಿನ ವಿವೇಚನೆಗೆ ಬಿಟ್ಟದ್ದು, ಸಾಲಗಾರರ ಹಕ್ಕಲ್ಲ. ಮ್ಯಾನೇಜರು ಹಿಂಜರಿಯಬಹುದು, ಅದಕ್ಕೆ ಕಾರಣವಿದೆ. ಸಂಕಷ್ಟದಲ್ಲಿರುವ ಸಾಲದ ಅವಧಿಯನ್ನು ಹೀಗೆ ಮರುಹೊಂದಿಸಿದರೆ ಸಾಮಾನ್ಯವಾಗಿ ಆ ಖಾತೆಯನ್ನು ಎನ್.ಪಿ.ಎ. ಎಂದು ತೋರಿಸಬೇಕಾಗುತ್ತದೆ, ಅದು ಶಾಖೆಯ ಲೆಕ್ಕಕ್ಕೆ ಕಪ್ಪುಚುಕ್ಕೆ. ಆದ್ದರಿಂದ ಮರುಹೊಂದಿಕೆಯಿಂದ ಖಾತೆಯ ವರ್ಗೀಕರಣಕ್ಕೆ ಏನಾಗುತ್ತದೆ ಎಂದು ಸಹಿ ಮಾಡುವ ಮೊದಲೇ ಕೇಳಿ ತಿಳಿದುಕೊಳ್ಳಿ. ಬೇಸಿಗೆಯಲ್ಲಿ ಮದುವೆ, ಮುಂಜಿವೆಗಳಿಗೆ ರೊಟ್ಟಿಯ ಬೇಡಿಕೆ ಬರುವಂತಿದ್ದರೆ, ಈಗ ಸಣ್ಣ ಮೊತ್ತ ಕಟ್ಟುತ್ತಾ ಎಣಿಕೆಯನ್ನು 90 ದಿನದೊಳಗೆ ಹಿಡಿದಿಟ್ಟು, ಏಪ್ರಿಲ್, ಮೇ ತಿಂಗಳಲ್ಲಿ ಬಾಕಿ ಸರಿದೂಗಿಸುವುದು ಮರುಹೊಂದಿಕೆಗಿಂತ ಮೇಲು. ಅದು ಆಗದೆಂದು ಖಚಿತವಾಗಿದ್ದರೆ ಮಾತ್ರ ಅವಧಿ ವಿಸ್ತರಣೆ ಕೇಳಿ.

ಎರಡರಲ್ಲಿ ಯಾವುದನ್ನು ಮಾಡಿದರೂ ಬಾಯಿಮಾತಿನಲ್ಲಿ ಬಿಡಬೇಡಿ. ಪತಿ ತೀರಿಕೊಂಡ ದಿನಾಂಕ, ಈಗಿನ ಆದಾಯ, ತಿಂಗಳಿಗೆ ಕಟ್ಟಬಲ್ಲ ಮೊತ್ತ, ವಾಪಸಾತಿ ಶುಲ್ಕ ಮನ್ನಾ ಮಾಡಬೇಕೆಂಬ ಕೋರಿಕೆ, ಇಷ್ಟನ್ನು ಒಂದು ಪುಟದಲ್ಲಿ ಕನ್ನಡದಲ್ಲಿಯೇ ಬರೆದು, ಮರಣ ಪ್ರಮಾಣಪತ್ರದ ನಕಲು ಲಗತ್ತಿಸಿ, ಇನ್ನೊಂದು ಪ್ರತಿಯ ಮೇಲೆ ಶಾಖೆಯ ಮೊಹರು ಮತ್ತು ದಿನಾಂಕ ಹಾಕಿಸಿಕೊಳ್ಳಿ. ಮೊಹರಿಲ್ಲದ ಅರ್ಜಿ ಟೇಬಲ್ಲಿನಿಂದ ಟೇಬಲ್ಲಿಗೆ ಹೋಗುವಾಗಲೇ ಕಳೆದುಹೋಗುತ್ತದೆ.

ಗುಮ್ಮಟದ ನೆರಳು
24 ಜನವರಿ 2026

ನನ್ನ ಅಭಿಪ್ರಾಯ ಬೇರೆ ಇದೆ. ಸಾಲಕ್ಕೆ ಸರ್ಕಾರದ ಖಾತರಿ ಇದೆಯೆಂದು ಮೇಲಿನವರೇ ಹೇಳಿದ್ದಾರೆ. ಹಾಗಿದ್ದ ಮೇಲೆ ಒಬ್ಬ ವಿಧವೆ ಹೊಟ್ಟೆ ಕಟ್ಟಿಕೊಂಡು ಕಂತು ಕಟ್ಟುವುದೇಕೆ? ಬ್ಯಾಂಕಿಗೆ ಹಣ ಸರ್ಕಾರದಿಂದ ಬರುತ್ತದೆ. ಇಂದಲ್ಲ ನಾಳೆ ಚುನಾವಣೆ ಬಂದಾಗ ಇಂಥ ಸಾಲಗಳು ಮನ್ನಾ ಆಗುತ್ತವೆ. ಸುಮ್ಮನಿರುವುದು ಒಳ್ಳೆಯದು.

ಖಡೇಬಜಾರಿನ ವ್ಯಾಪಾರಿ, ಬೆಳಗಾವಿ
25 ಜನವರಿ 2026

ಮೇಲಿನ ಮಾತನ್ನು ದಯವಿಟ್ಟು ಕೇಳಬೇಡಿ ತಂಗಿ. ಇದೇ ಮಾತನ್ನು 2021ರಲ್ಲಿ ನನಗೂ ಹೇಳಿದ್ದರು, ನಾನು ಕೇಳಿದೆ.

ನಾನು ಬೆಳಗಾವಿಯ ಖಡೇಬಜಾರಿನಲ್ಲಿ ಟವೆಲ್, ಕಾಲುಚೀಲ ಮಾರುತ್ತೇನೆ. ಮೊದಲ ಲಾಕ್‌ಡೌನ್ ಮುಗಿದ ಮೇಲೆ 10,000 ರೂಪಾಯಿಯ ಸ್ವನಿಧಿ ಸಾಲ ತೆಗೆದುಕೊಂಡೆ. ನಾಲ್ಕು ಕಂತು ಕಟ್ಟುವಷ್ಟರಲ್ಲಿ ಎರಡನೆಯ ಅಲೆ ಬಂದು ಬಜಾರು ಮುಚ್ಚಿತು. ಮನ್ನಾ ಆಗುತ್ತದೆ ಎಂದು ಎಲ್ಲರೂ ಹೇಳುತ್ತಿದ್ದರು. ನಾನು ಬ್ಯಾಂಕಿನ ನಂಬರ್ ಬಂದರೆ ಫೋನ್ ಎತ್ತುವುದನ್ನು ಬಿಟ್ಟೆ. ಬಜಾರು ತೆರೆದ ಮೇಲೂ ನಾಚಿಕೆಯಿಂದ ಶಾಖೆಯ ಮುಂದೆ ಹಾದುಹೋಗುತ್ತಿರಲಿಲ್ಲ, ಸುತ್ತುಬಳಸಿ ಹೋಗುತ್ತಿದ್ದೆ. ಮನ್ನಾ ಆಗಲಿಲ್ಲ. ನನ್ನ ಪಕ್ಕದಲ್ಲಿ ಕೂರುವವರಿಗೆಲ್ಲ 20,000 ರೂಪಾಯಿಯ ಎರಡನೆಯ ಸಾಲ ಸಿಕ್ಕಾಗ ನನಗೆ ಸಿಗಲಿಲ್ಲ. ಮೂರು ವರ್ಷದ ಮೇಲೆ ಮಗನಿಗೆ ಆಟೋ ಕೊಡಿಸಲು ಹೋದಾಗ, ಆ ಹತ್ತು ಸಾವಿರದ ಬಾಕಿಯೇ ಸಿಬಿಲ್‌ನಲ್ಲಿ ಎದ್ದುನಿಂತಿತು. ಕೊನೆಗೆ ಲೋಕ ಅದಾಲತ್‌ನಲ್ಲಿ ಮಾತಾಡಿ ಮುಗಿಸಿಕೊಂಡೆ.

2018ರಲ್ಲಿ ನಮ್ಮ ರಾಜ್ಯದಲ್ಲಿ ಮನ್ನಾ ಘೋಷಣೆಯಾದದ್ದು ರೈತರ ಬೆಳೆ ಸಾಲ. ಅದನ್ನು ನೋಡಿ ಎಲ್ಲ ಸಾಲವೂ ಒಂದು ದಿನ ಮನ್ನಾ ಆಗುತ್ತದೆಂದು ನಮ್ಮಂಥವರು ನಂಬಿಬಿಡುತ್ತೇವೆ. ಖಾತರಿಯ ವಿಷಯವನ್ನೂ ಆಗ ಅದಾಲತ್‌ನಲ್ಲಿಯೇ ಕೇಳಿ ತಿಳಿದುಕೊಂಡೆ: ಖಾತರಿ ಇರುವುದು ಬ್ಯಾಂಕಿನ ನಷ್ಟ ತುಂಬಲು. ಖಾತರಿಯ ಹಣ ಬ್ಯಾಂಕಿಗೆ ಬಂದರೂ ಸಾಲಗಾರನ ಹೆಸರಿನ ಮೇಲಿನ ಸಾಲ ಅಳಿಸಿಹೋಗುವುದಿಲ್ಲ, ವಸೂಲಿ ಮುಂದುವರಿಯುತ್ತದೆ.

ನಿಮ್ಮ ಅವ್ವ ಎರಡು ಸಾಲಗಳನ್ನು ಒಂದು ದಿನವೂ ತಪ್ಪಿಸದೆ ತೀರಿಸಿದ್ದಾರೆ. ಅರ್ಜಿಯಲ್ಲಿ ಅದನ್ನೇ ಮೊದಲ ಸಾಲಿನಲ್ಲಿ ಬರೆಯಿರಿ. ಮೊಬೈಲನ್ನು ಡಬ್ಬಿಯ ಹಿಂದಿನಿಂದ ತೆಗೆದು ನಿಮ್ಮ ಹತ್ತಿರ ಇಟ್ಟುಕೊಳ್ಳಿ, ಅವರ ಬದಲಿಗೆ ಕೆಲವು ದಿನ ನೀವೇ ಮಾತಾಡಿ.

ವಕೀಲರು, ಬೆಳಗಾವಿ
25 ಜನವರಿ 2026

ನೀವು ಕೇಳಿದ ಕಾನೂನಿನ ಪ್ರಶ್ನೆಗೆ ಉತ್ತರಿಸುತ್ತೇನೆ.

1871ರ ಪಿಂಚಣಿ ಕಾಯ್ದೆಯ 11ನೆಯ ಕಲಮಿನ ಪ್ರಕಾರ, ಸರ್ಕಾರವು ಹಿಂದಿನ ಸೇವೆಗಾಗಿ, ಅಶಕ್ತತೆಯ ಕಾರಣಕ್ಕಾಗಿ ಅಥವಾ ಅನುಕಂಪದ ಭತ್ಯೆಯಾಗಿ ಕೊಡುವ ಪಿಂಚಣಿಯನ್ನು ಸಾಲಗಾರರಿಂದ ಬರಬೇಕಾದ ಬಾಕಿಗಾಗಿ ನ್ಯಾಯಾಲಯದ ಮೂಲಕ ಜಪ್ತಿ ಮಾಡಲಾಗುವುದಿಲ್ಲ. ವಿಧವಾ ವೇತನವು ಅನುಕಂಪದ ಭತ್ಯೆಯ ಸಾಲಿಗೇ ಸೇರುತ್ತದೆ ಎಂಬುದು ನನ್ನ ವಾದ. ಆದರೆ ನಿಮ್ಮ ಪ್ರಕರಣದಲ್ಲಿ ನ್ಯಾಯಾಲಯ ಬಂದೇ ಇಲ್ಲ. ಸಾಲ ಪಡೆಯುವಾಗ, ಈ ಉಳಿತಾಯ ಖಾತೆಯಿಂದ ಕಂತು ಕಡಿದುಕೊಳ್ಳಬಹುದು ಎಂಬ ಒಪ್ಪಿಗೆಗೆ ನಿಮ್ಮ ತಾಯಿಯವರೇ ಸಹಿ ಮಾಡಿರುತ್ತಾರೆ. ಬ್ಯಾಂಕು ಅದನ್ನು ಮುಂದಿಟ್ಟು ವಾದಿಸುತ್ತದೆ. ಈ ವಾದವನ್ನು ಗೆಲ್ಲುವುದಕ್ಕೆ ತಗಲುವ ಸಮಯಕ್ಕಿಂತ, ಪಿಂಚಣಿ ಬರುವ ಖಾತೆಯನ್ನು ಸಾಲದ ಖಾತೆಯಿಂದ ಬೇರ್ಪಡಿಸಲು ತಗಲುವ ಸಮಯ ಬಹಳ ಕಡಿಮೆ. ಜೊತೆಗೆ, ಪಿಂಚಣಿ ಮತ್ತು ಗೃಹಲಕ್ಷ್ಮಿಯ ಹಣವನ್ನು ಸಾಲಕ್ಕೆ ಹೊಂದಿಸಿಕೊಳ್ಳಬಾರದು, ಸ್ವಯಂಚಾಲಿತ ಕಡಿತದ ಒಪ್ಪಿಗೆಯನ್ನು ಹಿಂಪಡೆಯುತ್ತಿದ್ದೇನೆ, ಕಂತನ್ನು ನಾನೇ ಬಂದು ಕಟ್ಟುತ್ತೇನೆ ಎಂದು ಲಿಖಿತವಾಗಿ ತಿಳಿಸಬೇಕು. ಹಾಗೆ ತಿಳಿಸದೆ ಖಾತೆ ಬದಲಿಸಿದರೆ ತಪ್ಪಿಸಿಕೊಳ್ಳುತ್ತಿದ್ದೀರಿ ಎಂಬ ಭಾವನೆ ಬರುತ್ತದೆ.

ಗಾಡಿ ಮತ್ತು ಒಲೆಯ ಬಗ್ಗೆ ನಿಮ್ಮ ತಾಯಿಯವರಿಗೆ ಧೈರ್ಯ ಹೇಳಿ. ಸ್ವನಿಧಿ ಅಡಮಾನವಿಲ್ಲದ ಸಾಲ. ಆ ಗಾಡಿ ಸಾಲದ ಹಣದಿಂದ ಬಂದದ್ದೂ ಅಲ್ಲ. ನ್ಯಾಯಾಲಯದ ಆದೇಶವಿಲ್ಲದೆ ಯಾರೂ ಅದನ್ನು ಮುಟ್ಟುವಂತಿಲ್ಲ. ಒಂದು ವೇಳೆ ನ್ಯಾಯಾಲಯದಲ್ಲಿ ಡಿಕ್ರಿ, ಅಂದರೆ ಹಣ ಕಟ್ಟಬೇಕೆಂಬ ತೀರ್ಪು, ಆದರೂ, ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೆಯ ಕಲಮು ಕುಟುಂಬದ ಅಗತ್ಯ ಬಟ್ಟೆಬರೆ, ಅಡುಗೆ ಪಾತ್ರೆ, ಹಾಸಿಗೆ ಹೊದಿಕೆ ಹಾಗೂ ಕುಶಲಕರ್ಮಿಗಳ ಉಪಕರಣಗಳನ್ನು ಜಪ್ತಿಯಿಂದ ಹೊರಗಿಡುತ್ತದೆ. ವಸೂಲಿ ಏಜೆಂಟರು ಬೆಳಿಗ್ಗೆ 8ಕ್ಕಿಂತ ಮೊದಲು ಮತ್ತು ಸಂಜೆ 7ರ ನಂತರ ಸಾಲಗಾರರಿಗೆ ಕರೆ ಮಾಡುವಂತಿಲ್ಲ, ಬೆದರಿಸುವಂತಿಲ್ಲ, ಜನರ ಮುಂದೆ ಅವಮಾನಿಸುವಂತಿಲ್ಲ ಎಂದು ರಿಸರ್ವ್ ಬ್ಯಾಂಕು 2022ರ ಆಗಸ್ಟ್‌ನಲ್ಲಿ ಸ್ಪಷ್ಟವಾಗಿ ಸೂಚಿಸಿದೆ. ಬಂದವರ ಗುರುತಿನ ಚೀಟಿ ಮತ್ತು ಬ್ಯಾಂಕಿನ ಅಧಿಕಾರ ಪತ್ರ ತೋರಿಸಲು ಹೇಳಿ. ದಿನಾಂಕ, ಸಮಯ, ಆಡಿದ ಮಾತು, ಕೇಳಿಸಿಕೊಂಡ ನೆರೆಯವರ ಹೆಸರು, ಇವನ್ನು ಇಂದೇ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ; ಎರಡು ತಿಂಗಳು ಕಳೆದ ಮೇಲೆ ಎಲ್ಲವೂ ಮಸುಕಾಗುತ್ತದೆ.

ಮೊದಲ ದೂರು ಬ್ಯಾಂಕಿಗೇ ಹೋಗಬೇಕು. 30 ದಿನಗಳಲ್ಲಿ ಉತ್ತರ ಬರದಿದ್ದರೆ ಅಥವಾ ಉತ್ತರ ಸಮಾಧಾನಕರವಾಗಿಲ್ಲದಿದ್ದರೆ ಗ್ರಾಹಕರ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ದೂರು ಕೊಡಬಹುದು, ಶುಲ್ಕವಿಲ್ಲ, ಮಾಹಿತಿಗೆ 14448. ವಿಜಯಪುರದ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ನಿಮ್ಮ ತಾಯಿಯವರಿಗೆ ಉಚಿತವಾಗಿ ವಕೀಲರ ನೆರವು ಸಿಗುತ್ತದೆ. 1987ರ ಕಾಯ್ದೆಯ ಪ್ರಕಾರ ಮಹಿಳೆಯರಿಗೆ ಈ ಹಕ್ಕು ಆದಾಯ ಎಷ್ಟೇ ಇದ್ದರೂ ಇರುತ್ತದೆ. ಸಹಾಯವಾಣಿ 15100. ಮೊಕದ್ದಮೆ ಹೂಡುವ ಮುನ್ನವೇ ಲೋಕ ಅದಾಲತ್‌ನಲ್ಲಿ ಕುಳಿತು ಕಂತು ನಿಗದಿಪಡಿಸಿಕೊಳ್ಳುವುದಕ್ಕೂ ಅವಕಾಶವಿದೆ, ಅದಕ್ಕೆ ಶುಲ್ಕ ಇಲ್ಲ. ಆದರೆ ಅಲ್ಲಿ ಒಪ್ಪಿ ಸಹಿ ಮಾಡಿದ ಮೇಲೆ ಮೇಲ್ಮನವಿ ಇರುವುದಿಲ್ಲ. ಹೀಗಾಗಿ 900 ಎಂದು ನಿಶ್ಚಯಿಸಿದವರು ಅಲ್ಲಿಯ ಒತ್ತಾಯಕ್ಕೆ 1,200 ಎಂದು ಒಪ್ಪಬಾರದು.

ಬ್ಯಾಂಕ್ ಸಖಿ, ಬಾಗಲಕೋಟೆ ಜಿಲ್ಲೆ
25 ಜನವರಿ 2026

ತಂಗಿ, ನಾನು ಸ್ವಸಹಾಯ ಸಂಘದಿಂದ ಬ್ಯಾಂಕ್ ಸಖಿಯಾಗಿ ಕೆಲಸ ಮಾಡುತ್ತೇನೆ. ನಿಮ್ಮ ಪ್ರಶ್ನೆ ಓದಿದಾಗ ನನಗೆ ಮೊದಲು ಹೊಳೆದದ್ದು ಸಾಲದ ವಿಷಯವಲ್ಲ. ನಿಮ್ಮ ಅಪ್ಪನ ಪಾಸ್‌ಬುಕ್ ಎಲ್ಲಿದೆ?

ಅಪ್ಪನ ಹೆಸರಿನಲ್ಲಿ ಯಾವುದಾದರೂ ಉಳಿತಾಯ ಖಾತೆ ಇದ್ದರೆ, ಅದರ ಪಾಸ್‌ಬುಕ್ಕಿಗೆ ಎಂಟ್ರಿ ಹಾಕಿಸಿ, 2025ರ ಮೇ ಕೊನೆಯ ವಾರ ಅಥವಾ ಜೂನ್ ಮೊದಲ ವಾರದಲ್ಲಿ 436 ರೂಪಾಯಿ ಕಡಿತವಾಗಿದೆಯೇ ನೋಡಿ. ಅದು ಪ್ರಧಾನಮಂತ್ರಿ ಜೀವನ ಜ್ಯೋತಿ ವಿಮೆಯ ಕಂತು. ಪ್ರತಿ ವರ್ಷ ಜೂನ್ 1ರಿಂದ ಮುಂದಿನ ಮೇ 31ರವರೆಗೆ ವಿಮೆ ಇರುತ್ತದೆ. 50 ವರ್ಷದೊಳಗೆ ಸೇರಿದವರು ಯಾವ ಕಾರಣದಿಂದ ತೀರಿಕೊಂಡರೂ ಕುಟುಂಬಕ್ಕೆ 2 ಲಕ್ಷ ರೂಪಾಯಿ ಬರಬೇಕು, ಹೃದಯಾಘಾತವೂ ಅದರಲ್ಲಿ ಸೇರುತ್ತದೆ. 20 ರೂಪಾಯಿ ಕಡಿತವಾಗಿದ್ದರೆ ಅದು ಬೇರೆ, ಸುರಕ್ಷಾ ವಿಮೆ; ಅದು ಅಪಘಾತಕ್ಕೆ ಮಾತ್ರ. ಖಾತೆ ತೆರೆಯುವಾಗ ಹತ್ತು ಕಡೆ ಸಹಿ ಮಾಡಿಸಿಕೊಳ್ಳುತ್ತಾರೆ, ಯಾವುದಕ್ಕೆಂದು ಮನೆಯವರಿಗೆ ಗೊತ್ತೇ ಇರುವುದಿಲ್ಲ. ನಮ್ಮ ಸಂಘದ ಒಬ್ಬ ಅಕ್ಕನಿಗೆ ಗಂಡ ಸತ್ತು ಏಳು ತಿಂಗಳಾದ ಮೇಲೆ, ಪಾಸ್‌ಬುಕ್ ನೋಡುತ್ತಿದ್ದಾಗ ಆ 436 ಕಣ್ಣಿಗೆ ಬಿತ್ತು. ತಡವಾದರೂ ಅವಳಿಗೆ ಹಣ ಬಂತು.

ಇನ್ನೊಂದು, ರಾಷ್ಟ್ರೀಯ ಕುಟುಂಬ ನೆರವು ಯೋಜನೆ. ಬಡತನ ರೇಖೆಗಿಂತ ಕೆಳಗಿರುವ ಕುಟುಂಬದಲ್ಲಿ 18ರಿಂದ 59 ವರ್ಷದೊಳಗಿನ ದುಡಿಯುವ ವ್ಯಕ್ತಿ ತೀರಿಕೊಂಡರೆ ಒಂದೇ ಸಲಕ್ಕೆ 20,000 ರೂಪಾಯಿ ಕೊಡುತ್ತಾರೆ. ಅರ್ಜಿಯನ್ನು ನಾಡಕಚೇರಿಯಲ್ಲಿ ಕೊಡಬೇಕು. ವಿಧವಾ ವೇತನಕ್ಕೆ ಕೊಟ್ಟ ಕಾಗದಪತ್ರಗಳಲ್ಲಿ ಬಹುತೇಕ ಇಲ್ಲಿಗೂ ಆಗುತ್ತವೆ. ತಡಮಾಡಬೇಡಿ.

ವೇತನದ ಖಾತೆ ಬದಲಿಸುವುದು ಸುಲಭ. ಪಿಂಚಣಿಯಾಗಲಿ ಗೃಹಲಕ್ಷ್ಮಿಯಾಗಲಿ ಹೋಗುವುದು ಆಧಾರ್ ಜೋಡಣೆಯಾದ ಖಾತೆಗೆ, ಕೊನೆಯದಾಗಿ ಯಾವ ಖಾತೆಗೆ ಜೋಡಿಸುತ್ತೀರೋ ಆ ಖಾತೆಗೆ. ಅಂಚೆ ಕಚೇರಿಗೆ ಹೋಗಿ ಅಂಚೆ ಪಾವತಿ ಬ್ಯಾಂಕಿನಲ್ಲಿ ಖಾತೆ ತೆರೆದು, ಸರ್ಕಾರದ ಹಣ ಇದಕ್ಕೇ ಬರಲಿ ಎಂದು ಒಪ್ಪಿಗೆ ನಮೂನೆ ತುಂಬಿಸಿ. ಪಾವತಿ ಬ್ಯಾಂಕುಗಳು ಸಾಲ ಕೊಡುವಂತಿಲ್ಲ, ಆದ್ದರಿಂದ ಅಲ್ಲಿ ಸಾಲಕ್ಕೆಂದು ಹಣ ಹಿಡಿಯುವ ಪ್ರಶ್ನೆಯೇ ಬರುವುದಿಲ್ಲ. ಪೋಸ್ಟ್‌ಮನ್ ಮನೆಗೇ ಬಂದು ಹೆಬ್ಬೆರಳು ಒತ್ತಿಸಿಕೊಂಡು ಹಣ ಕೊಡುತ್ತಾರೆ, ಅವ್ವ ಒಲೆ ಬಿಟ್ಟು ಹೋಗಬೇಕಾಗಿಲ್ಲ.

ರೊಟ್ಟಿ ಮನೆಯ ಮಗಳು, ವಿಜಯಪುರ
30 ಜನವರಿ 2026

ಎಲ್ಲರಿಗೂ ಕೈಮುಗಿದು ವಂದಿಸುತ್ತೇನೆ. ನಡೆದದ್ದನ್ನು ಬರೆಯುತ್ತಿದ್ದೇನೆ.

ಮಂಗಳವಾರ ಅವ್ವನೊಂದಿಗೆ ಶಾಖೆಗೆ ಹೋಗಿದ್ದೆ. ಕೌಂಟರಿನಲ್ಲಿ ಡಿಸೆಂಬರ್ ಕಂತಿನ ಬಾಕಿ 291 ರೂಪಾಯಿ ಎಂದರು. ಬಾಗಲಕೋಟೆಯ ಸರ್ ಹೇಳಿದ್ದಕ್ಕಿಂತ ಐದು ರೂಪಾಯಿ ಮಾತ್ರ ಹೆಚ್ಚು. ಅವ್ವ ಸೆರಗಿನ ಗಂಟು ಬಿಚ್ಚಿ 300 ರೂಪಾಯಿ ಕಟ್ಟಿದಳು. ಮ್ಯಾನೇಜರು ಅರ್ಜಿಯನ್ನು ಪೂರ್ತಿ ಓದಿದರು. ಹಿಂದಿನ ಎರಡು ಸಾಲಗಳನ್ನು ತಪ್ಪದೆ ತೀರಿಸಿದ್ದನ್ನು ಕಂಪ್ಯೂಟರಿನಲ್ಲಿ ನೋಡಿದ ಮೇಲೆ ಅವರ ಮಾತಿನ ಧಾಟಿ ಬದಲಾಯಿತು. ಶುಲ್ಕ ವಾಪಸು ಕೊಡಿಸಲು ಮೇಲಿನ ಕಚೇರಿಗೆ ಬರೆಯುತ್ತೇನೆ, ಅವಧಿ ವಿಸ್ತರಣೆಗೂ ಬರೆದು ಕೇಳುತ್ತೇನೆ, ಆದರೆ ಭರವಸೆ ಕೊಡಲಾರೆ ಎಂದರು. ವಸೂಲಿಗೆ ಬಂದವರು ಆಡಿದ ಮಾತನ್ನೂ ಅರ್ಜಿಯಲ್ಲಿ ಬರೆದಿದ್ದೆವು, ಅದರ ಬಗ್ಗೆ ವಿಚಾರಿಸುವುದಾಗಿ ಹೇಳಿದರು. ಎರಡನೆಯ ಪ್ರತಿಗೆ ಮೊಹರು ಹಾಕಿಸಿಕೊಂಡಿದ್ದೇವೆ. ಅಂಚೆ ಕಚೇರಿಯಲ್ಲಿ ಖಾತೆಯೂ ಆಯಿತು. ಕುಟುಂಬ ನೆರವಿನ ಅರ್ಜಿಯನ್ನು ನಾಡಕಚೇರಿಯಲ್ಲಿ ಕೊಟ್ಟು ಸ್ವೀಕೃತಿ ಪಡೆದಿದ್ದೇವೆ.

ಬ್ಯಾಂಕ್ ಸಖಿ ಅಕ್ಕ, ಅಪ್ಪನ ಪಾಸ್‌ಬುಕ್ ಟ್ರಂಕಿನಲ್ಲಿ ಹಳೆಯ ಬಾಡಿಗೆ ಕರಾರಿನ ನಡುವೆ ಸಿಕ್ಕಿತು. ಏಪ್ರಿಲ್‌ನಿಂದ ಎಂಟ್ರಿ ಹಾಕಿಸಿರಲಿಲ್ಲ. ಯಂತ್ರದಲ್ಲಿ ಹಾಕಿದಾಗ ಒಂದೊಂದೇ ಸಾಲು ಮುದ್ರಿತವಾಗಿ ಬಂತು, ಮೇ 28ರ ಸಾಲಿನಲ್ಲಿ 436 ರೂಪಾಯಿ ಇತ್ತು. ಅದನ್ನು ಬೆರಳಿಟ್ಟು ತೋರಿಸಿದಾಗ ಅವ್ವ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, ಆ ತಿಂಗಳು ಗ್ಯಾಸ್ ಸಿಲಿಂಡರಿಗೆ ಹಣ ಸಾಲದಿದ್ದಾಗ ಖಾತೆಯಲ್ಲಿ ಇರುವುದನ್ನು ತೆಗೆದುಕೊಂಡು ಬಾ ಎಂದು ತಾನೇ ಅಪ್ಪನಿಗೆ ಹೇಳಿದ್ದೆ, ಅಪ್ಪ ಬೇಡವೆಂದು ಬೇರೆಯವರ ಹತ್ತಿರ ಕೈಗಡ ತಂದಿದ್ದರು ಎಂದಳು.

ಒಂದು ತೊಡಕಿದೆ. ವಿಮೆಯಲ್ಲಿ ನಾಮಿನಿ ಎಂದು ಇರುವುದು ನಮ್ಮ ಅಜ್ಜಿಯ ಹೆಸರು. ಅವರು 2022ರಲ್ಲಿ ತೀರಿಕೊಂಡಿದ್ದಾರೆ. ನಾಮಿನಿಯೇ ಇಲ್ಲದಿದ್ದರೆ ಏನೂ ಬರುವುದಿಲ್ಲ ಎಂದು ಅಲ್ಲಿ ಒಬ್ಬರು ಹೇಳಿದರು. ಇದು ನಿಜವೇ?

ನಿವೃತ್ತ ಬ್ಯಾಂಕ್ ಅಧಿಕಾರಿ, ಬಾಗಲಕೋಟೆ
30 ಜನವರಿ 2026

ನಿಜವಲ್ಲ, ತಂಗಿ. ನಾಮಿನಿ ಮೊದಲೇ ತೀರಿಕೊಂಡಿದ್ದರೆ ಹಣ ಕಾನೂನುಬದ್ಧ ವಾರಸುದಾರರಿಗೆ ಸೇರುತ್ತದೆ. ಅಂದರೆ ನಿಮ್ಮ ಅವ್ವ, ನೀವು, ನಿಮ್ಮ ತಮ್ಮ. ವಿಮಾ ಕಂಪನಿ ವಾರಸುದಾರರ ಪುರಾವೆ ಕೇಳುತ್ತದೆ. ಅಪ್ಪನ ಮತ್ತು ಅಜ್ಜಿಯ ಮರಣ ಪ್ರಮಾಣಪತ್ರಗಳನ್ನು ಇಟ್ಟುಕೊಂಡು ಮೊದಲು ನಾಡಕಚೇರಿಯಲ್ಲಿ ವಂಶವೃಕ್ಷಕ್ಕೆ ಅರ್ಜಿ ಹಾಕಿ. ಅಷ್ಟು ಸಾಕೇ, ಅಥವಾ ನ್ಯಾಯಾಲಯದ ಉತ್ತರಾಧಿಕಾರ ಪ್ರಮಾಣಪತ್ರವೂ ಬೇಕೇ ಎಂಬುದನ್ನು ಅಪ್ಪನ ಖಾತೆ ಇರುವ ಶಾಖೆಯಿಂದ ಬರವಣಿಗೆಯಲ್ಲಿ ಪಡೆಯಿರಿ. ನ್ಯಾಯಾಲಯಕ್ಕೆ ಹೋಗಬೇಕಾಗಿ ಬಂದರೆ ಬೆಳಗಾವಿಯ ವಕೀಲರು ಹೇಳಿದ ಕಾನೂನು ಸೇವಾ ಪ್ರಾಧಿಕಾರದಿಂದಲೇ ಅದನ್ನು ಮಾಡಿಸಿಕೊಳ್ಳಬಹುದು, ಖಾಸಗಿಯಾಗಿ ಹಣ ಖರ್ಚು ಮಾಡಬೇಡಿ.

ಕ್ಲೇಮ್ ನಮೂನೆಯನ್ನು ಮಾತ್ರ ಈ ವಾರವೇ ಶಾಖೆಗೆ ಕೊಟ್ಟು, ವಾರಸುದಾರರ ಪತ್ರ ನಂತರ ಸಲ್ಲಿಸುತ್ತೇವೆ ಎಂದು ಬರೆದು, ಮೊಹರು ಹಾಕಿಸಿಕೊಳ್ಳಿ. ಆ 436ರ ಸಾಲು ಇರುವ ಪಾಸ್‌ಬುಕ್ ಪುಟದ ಝೆರಾಕ್ಸ್ ಮಾತ್ರ ಕೊಡಿ. ಮೂಲ ಪಾಸ್‌ಬುಕ್ಕನ್ನು ಯಾರು ಕೇಳಿದರೂ ಕೈಗೆ ಬಿಟ್ಟುಕೊಡಬೇಡಿ, ತೋರಿಸಿ ವಾಪಸು ತನ್ನಿ. ಫೆಬ್ರವರಿ 5ಕ್ಕೆ ಮುಂದಿನ ಕಂತಿದೆ. ಪೂರ್ತಿ ಆಗದಿದ್ದರೂ ಅವ್ವ ಹೇಳಿದ 900 ರೂಪಾಯಿಯನ್ನು ಅಂದೇ ಸಾಲದ ಖಾತೆಗೆ ಕಟ್ಟಿ, ರಸೀದಿಯನ್ನು ಅದೇ ಅರ್ಜಿಯ ಜೊತೆ ಪಿನ್ ಮಾಡಿಡಿ.